ಅಂತರವೇ ಬೇಲಿ: ನೆಲೆ ಮೀರಿದ ಹಕ್ಕಿಗಳು ಮತ್ತು ಸಂಕರದ ಅಪಾಯ

ಹತ್ತಿರದ ಸಂಬಂಧದ ಎರಡು ಜಾತಿಯ ಹಕ್ಕಿಗಳು ಕೂಡಿ ಮರಿ ಮಾಡುವುದು ಸಂಕರ. ಇಂಥ ಎಷ್ಟೋ ಜಾತಿಗಳನ್ನು ಬೇರೆಯಾಗಿ ಉಳಿಸಿರುವುದು ನಡುವಿನ ಕಡಲು, ಬೆಟ್ಟ, ಮರುಭೂಮಿ. ಹಕ್ಕಿ ಮೂಲ ನೆಲೆ ಮೀರಿದಾಗ ಈ ಅಂತರ ಅಳಿಯುತ್ತದೆ. ಸೇಡಂ, ಚಿತ್ತಾಪುರದ ತೊಗರಿ ಬೆಳೆಗಾರರಿಗೆ ಇದು ಹೊಸ ಮಾತಲ್ಲ. ಜೇನ್ನೊಣ ಪರಾಗ ಸಾಗಿಸುವುದರಿಂದ ಬೀಜದ ತೊಗರಿಯನ್ನು ಬೇರೆ ತಳಿಯಿಂದ ದೂರ ಬಿತ್ತಬೇಕು. ಇಲ್ಲದಿದ್ದರೆ ಬೀಜ ಬೆರಕೆಯಾಗುತ್ತದೆ.

ಸಂಕರದ ನಷ್ಟ ಎರಡು ಜಾತಿಗೂ ಸಮನಲ್ಲ. ಸಂಖ್ಯೆ ಕುಸಿದ ಜಾತಿಗೆ ಸ್ವಂತ ಜಾತಿಯ ಜೋಡಿ ಸಿಗುವುದೇ ಕಷ್ಟ. ಬೆರಕೆ ಮರಿಗಳಿಗೂ ಸಂತಾನಶಕ್ತಿಯಿದ್ದರೆ ಅವು ಮತ್ತೆ ಮೂಲ ಜಾತಿಯೊಡನೆ ಕೂಡುತ್ತವೆ. ಕೆಲವು ತಲೆಮಾರು ಕಳೆದರೆ ಹಕ್ಕಿಗಳಿರುತ್ತವೆ, ಜಾತಿ ಇರುವುದಿಲ್ಲ.

ರಡ್ಡಿ ಡಕ್ ಎಂಬ ಅಮೆರಿಕದ ಕೆಂಗಂದು ಬಾತನ್ನು 1948ರಲ್ಲಿ ಇಂಗ್ಲೆಂಡಿನ ಸ್ಲಿಂಬ್ರಿಜ್‌ಗೆ ತಂದು ಸಾಕಿದರು. ತಪ್ಪಿಸಿಕೊಂಡವು ಹೆಚ್ಚಿ, ಹರಡಿ, ಸ್ಪೇನ್ ಮುಟ್ಟಿದವು. ಅಲ್ಲಿನ ಬಿಳಿತಲೆ ಬಾತು 1977ರಲ್ಲಿ 22ಕ್ಕೆ ಇಳಿದು, ಕಾವಲಿನಿಂದ ಚೇತರಿಸಿಕೊಳ್ಳುತ್ತಿತ್ತು. 1991ರಲ್ಲಿ ಬೆರಕೆ ಬಾತುಗಳು ಕಂಡವು. ಬ್ರಿಟನ್ 2005ರಲ್ಲಿ ಕೆಂಗಂದು ಬಾತಿನ ನಿರ್ಮೂಲನೆಗೆ ಕೈಹಾಕಿತು.

ಕರ್ನಾಟಕದ ಹಕ್ಕಿಯೂ ಹೊರನಾಡಿನಲ್ಲಿ ಇದೇ ಪಾತ್ರ ವಹಿಸಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರ ನಡುವಿನ ಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಇಲ್ಲಿ ಯಾರಿಗೂ ಕೇಡಲ್ಲ. ಸಿಂಗಪುರ, ಮಲೇಷ್ಯಾಗಳ ಮೃಗಾಲಯಗಳು ಸ್ವತಂತ್ರವಾಗಿ ಹಾರಲು ಬಿಟ್ಟ ಇದೇ ಹಕ್ಕಿ, ಅಳಿವಿನಂಚಿನ ಹಾಲುಬಿಳಿ ಕೊಕ್ಕರೆಯೊಡನೆ ಕೂಡಿತು. ಬಣ್ಣದ ಕೊಕ್ಕರೆಯ ಎದೆಗೆ ಕಪ್ಪು ಪಟ್ಟಿ, ಬಾಲದ ಬಳಿ ಗುಲಾಬಿ ಗರಿ. ಹಾಲುಬಿಳಿ ಕೊಕ್ಕರೆಗೆ ಇವೆರಡೂ ಇಲ್ಲ. ಬೆರಕೆಯಲ್ಲಿ ಪಟ್ಟಿ ಮಾಸಿರುತ್ತದೆ, ಗುಲಾಬಿ ತಿಳಿಯಾಗಿರುತ್ತದೆ. ಮತ್ತೆ ಮತ್ತೆ ಬೆರೆತಾಗ ಈ ಗುರುತೂ ಅಳಿಸುವುದರಿಂದ ಕಣ್ಣಳತೆ ಸಾಲದು. 2019ರಲ್ಲಿ ಪ್ರಕಟವಾದ ಜೀನು ಅಧ್ಯಯನ ಅಲ್ಲಿನ ಬೆರಕೆಯನ್ನು ಖಚಿತಪಡಿಸಿತು.

ಬೆರಕೆಯ ಗುರುತು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ಅಂಗಳದ ಜವಾರಿ ಕೋಳಿಯೇ ಸಾಕ್ಷಿ. ಊರ ಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಅದರ ಹಳದಿ ಕಾಲಿನ ಜೀನು ಬಂದದ್ದು ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಎಂದು 2008ರ ಸಂಶೋಧನೆ ತೋರಿಸಿತು.

ಪರಿಹಾರ ಮೊದಲ ಹಂತದಲ್ಲೇ ಆಗಬೇಕು. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ಚಂದ್ರಂಪಳ್ಳಿ ಜಲಾಶಯವಿರಲಿ, ಕಾಗಿಣಾ ದಂಡೆಯಿರಲಿ, ಶಹಾಬಾದ್–ವಾಡಿಯ ಕಲ್ಲುಗಣಿಗಳಲ್ಲಿ ಮಳೆನೀರು ನಿಂತ ಹೊಂಡವಿರಲಿ, ಪರಸ್ಥಳದ ಸಾಕುಹಕ್ಕಿಯನ್ನು ತಂದು ಬಿಡಬಾರದು. ತಪ್ಪಿಸಿಕೊಂಡ ನಾಲ್ಕು ಬಾತುಗಳನ್ನು ಹಿಡಿದು ತರಬಹುದು. ಬೆರೆತ ವಂಶವನ್ನು ಬೇರ್ಪಡಿಸುವುದು ಅಷ್ಟು ಸುಲಭವಲ್ಲ.