ಮಗನ ಕೈಗೆ ಕೀಲಿಕೈ ಕೊಡುವ ಮುನ್ನ

(ಜಮಾಅತಿನ ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶುಕ್ರವಾರ ಜುಮಾ ಮುಗಿದ ಬಳಿಕ ಮಸೀದಿಯ ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿರಿ. ಮೀಸೆ ಮೂಡದ ಹುಡುಗರು ತಂದೆಯ ಸ್ಕೂಟರನ್ನೇರಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು, ತಲೆಯ ಮೇಲೆ ಟೋಪಿ ಮಾತ್ರ ಧರಿಸಿ ಹೊರಡುತ್ತಾರೆ. ನಾವು ಮುಗುಳ್ನಗುತ್ತೇವೆ, ಹುಡುಗ ಚುರುಕಾಗಿದ್ದಾನೆ ಎನ್ನುತ್ತೇವೆ. ನಾವು ಕಲಿತ ಕಾಲದ ಕಾನೂನೇ ಈಗಲೂ ಇದೆ ಎಂಬ ಭ್ರಮೆ ನಮ್ಮಲ್ಲಿದೆ.

2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ ಬಹುಭಾಗ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಜನರ ನೆನಪಿನಲ್ಲಿ ಉಳಿದದ್ದು ದಂಡದ ಮೊತ್ತ ಮಾತ್ರ. ಹೆಲ್ಮೆಟ್ ಇಲ್ಲದಿದ್ದರೆ ಸಾವಿರ ರೂಪಾಯಿ ಎಂದಾಗ ಕೂಗೆದ್ದಿತು. ಅದೇ ತಿಂಗಳಲ್ಲಿ ನಮ್ಮ ರಾಜ್ಯ ಸರಕಾರ ಅದನ್ನು 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನರು ಸಾಲುಗಟ್ಟಿ ನಿಂತು ಪಾವತಿಸಿದರು. ಹಬ್ಬದ ರಿಯಾಯಿತಿ ಮಾರಾಟದಂತಿತ್ತು ಆ ಉತ್ಸಾಹ! ಈ ಗದ್ದಲದಲ್ಲಿ ಸೆಕ್ಷನ್ 199ಎ ಮರೆಯಾಯಿತು.

ಅದು ಹೇಳುವುದೇನು? ಹದಿನೆಂಟು ತುಂಬದ ಮಗು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕನನ್ನು ಅಥವಾ ವಾಹನದ ಮಾಲಕನನ್ನು ಅಪರಾಧಿಯೆಂದು ಪರಿಗಣಿಸಲಾಗುವುದು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಹನ್ನೆರಡು ತಿಂಗಳ ಕಾಲ ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. 'ನನಗೆ ತಿಳಿಯದೆ ಕೀಲಿಕೈ ಒಯ್ದ' ಎಂದರೆ ಸಾಲದು. ತಂದೆಯ ಸಮ್ಮತಿ ಇತ್ತೆಂದೇ ನ್ಯಾಯಾಲಯ ಭಾವಿಸುತ್ತದೆ, ಇರಲಿಲ್ಲವೆಂದು ಸಾಬೀತುಪಡಿಸುವ ಹೊಣೆ ತಂದೆಯದೇ. ಚಾಲನೆಯನ್ನೇ ವೃತ್ತಿಯಾಗಿಸಿಕೊಂಡ ಅದೆಷ್ಟು ಕುಟುಂಬಗಳು ನಮ್ಮಲ್ಲಿವೆ! ಅಂಥ ಮನೆಯ ಹುಡುಗನಿಗೆ 25ರವರೆಗೆ ಲೈಸೆನ್ಸ್ ಇಲ್ಲವೆಂದರೆ ಅದರ ಅರ್ಥವೇನೆಂದು ನೀವೇ ಯೋಚಿಸಿರಿ.

ಹದಿನಾರಕ್ಕೇ ಲೈಸೆನ್ಸ್ ಸಿಗುತ್ತದಲ್ಲ ಎಂದು ಕೆಲವರು ವಾದಿಸುವುದುಂಟು. ಅದು 50 ಸಿಸಿ ಮೀರದ ವಾಹನಕ್ಕೆ ಮಾತ್ರ. ನಮ್ಮ ಅಂಗಳದಲ್ಲಿ ನಿಂತಿರುವ ಸ್ಕೂಟರುಗಳೆಲ್ಲ ಸಾಮಾನ್ಯವಾಗಿ ನೂರು ಸಿಸಿ ದಾಟಿದವು.

ಇನ್ನೊಂದು ಸಂಗತಿ ಇದಕ್ಕಿಂತಲೂ ಗಂಭೀರ. ಲೈಸೆನ್ಸ್ ಇಲ್ಲದವನ ಕೈಗೆ ಮಾಲಕನೇ ವಾಹನ ಕೊಟ್ಟನೆಂದು ಸಾಬೀತಾದರೆ, ವಿಮಾ ಕಂಪೆನಿಯು ಗಾಯಾಳುವಿಗೆ ಪರಿಹಾರ ಕೊಟ್ಟು ಆ ಮೊತ್ತವನ್ನು ಮಾಲಕನಿಂದ ವಸೂಲು ಮಾಡಬಹುದು. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಸ್ಪಷ್ಟಪಡಿಸಿದೆ. ಮನೆ ಮಾರಬೇಕಾಗಿ ಬಂದರೂ ಆಶ್ಚರ್ಯವಿಲ್ಲ.

ಇದನ್ನು ಕೇವಲ ಸರಕಾರದ ಕಾಟವೆಂದು ತಿಳಿಯಬೇಡಿರಿ. ಮದ್ರಸಾದಲ್ಲಿ ನಾವು ಓದಿದ ಹನಫೀ ಫಿಕ್ಹ್ ಗ್ರಂಥಗಳಲ್ಲಿ ಸವಾರನ ಹೊಣೆಯ ಕುರಿತು ಸುದೀರ್ಘ ಚರ್ಚೆಯಿದೆ. ಪ್ರಾಣಿಯು ಕಾಲಿನಿಂದ ತುಳಿದದ್ದಕ್ಕೆ ಸವಾರ ಪರಿಹಾರ ತೆರಬೇಕು. ನಡೆಯುತ್ತಿರುವಾಗ ಹಿಂಗಾಲಿನಿಂದ ಒದ್ದದ್ದಕ್ಕಾಗಲಿ ಬಾಲ ಬೀಸಿದ್ದಕ್ಕಾಗಲಿ ಬೇಕಿಲ್ಲ. ಏಕೆಂದರೆ ಮೊದಲನೆಯದನ್ನು ಅವನು ತಡೆಯಬಲ್ಲ, ಎರಡನೆಯದನ್ನು ತಡೆಯಲಾರ. ಸಾರ್ವಜನಿಕ ದಾರಿಯಲ್ಲಿ ಸಾಗುವುದು ಎಲ್ಲರ ಹಕ್ಕು, ಆದರೆ ತಡೆಯಬಹುದಾದ ಹಾನಿಯನ್ನು ತಡೆಯಬೇಕೆಂಬ ಶರತ್ತಿನೊಂದಿಗೆ ಎಂಬುದು ಆ ಫುಕಹಾಗಳ ನಿಲುವು. ಮಗನಿಗೆ ಕೀಲಿಕೈ ಕೊಡದಿರುವುದು ತಂದೆಯಿಂದ ಆಗದ ಕೆಲಸವೇ?

ಹಾಗೆಂದು ಆಳುವವರನ್ನು ಪ್ರಶ್ನಿಸದೆ ಬಿಡಬೇಕಾಗಿಲ್ಲ. ಅದೇ ತಿದ್ದುಪಡಿಯ ಸೆಕ್ಷನ್ 198ಎ ಪ್ರಕಾರ, ನಿಗದಿತ ಮಾನದಂಡ ಪಾಲಿಸದೆ ರಸ್ತೆ ನಿರ್ಮಿಸಿ ಜೀವಹಾನಿಗೆ ಕಾರಣರಾದ ಗುತ್ತಿಗೆದಾರ ಮತ್ತು ಪ್ರಾಧಿಕಾರಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಹೆಲ್ಮೆಟ್ಟಿಗಾಗಿ ತಿರುವಿನಲ್ಲಿ ಕಾದು ನಿಲ್ಲುವ ವ್ಯವಸ್ಥೆ ಹೊಂಡಗಳ ವಿಷಯದಲ್ಲೂ ಅಷ್ಟೇ ಜಾಗೃತವಾಗಿದೆಯೇ? ಪುರಸಭೆಯಲ್ಲಿರುವ ನಮ್ಮ ಪ್ರತಿನಿಧಿಗಳು ಈ ಸೆಕ್ಷನ್ ಹಿಡಿದು ಮಾತನಾಡಬೇಕು.

ಕೊನೆಯದಾಗಿ, ಗಲ್ಫ್‌ನಿಂದ ರಜೆಯಲ್ಲಿ ಬಂದಿರುವ ಸಹೋದರರಿಗೆ ಒಂದು ಮಾತು. ಲೈಸೆನ್ಸಿನ ಅವಧಿ ಮುಗಿದ ಮೇಲೂ ಹಿಂದೆ ಮೂವತ್ತು ದಿನಗಳ ಸಿಂಧುತ್ವವಿತ್ತು. 2019ರಲ್ಲಿ ಅದನ್ನು ತೆಗೆದುಹಾಕಲಾಗಿದೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕಾಗುತ್ತದೆ. ಇಂದು ಮನೆಗೆ ಹೋದವರು ವಿಮಾನದ ಟಿಕೇಟಿನೊಂದಿಗೆ ಆ ಕಾರ್ಡಿನ ತಾರೀಕನ್ನೂ ಒಮ್ಮೆ ನೋಡಿಕೊಳ್ಳಿರಿ.