ಇಂಗ್ಲಿಷಿನ ಕಾಲಗಳೂ ನಮ್ಮ ಸಹಿಯೂ
(ಸಂಘದ ರಾತ್ರಿ ತರಗತಿಯಲ್ಲಿ ಮಾಡಿದ ಭಾಷಣ)



ವ್ಯಾಕರಣವೆಂದೊಡನೆ ನಮ್ಮಲ್ಲಿ ಅರ್ಧ ಜನಕ್ಕೆ ನಿದ್ದೆ ಬರುತ್ತದೆ. ದಿನವಿಡೀ ಮಗ್ಗದ ಮುಂದೆ ನಿಂತವರಿಗೆ, ಟೇಬಲ್ ಒರೆಸಿದವರಿಗೆ ಅದು ಸಹಜವೇ. ಹೇಳುತ್ತಿರುವವನು ಮಿಡ್ಲ್ ಸ್ಕೂಲು ದಾಟದವನು, ಹೆದರಬೇಡಿ.

ಹೊಟೇಲಿನಲ್ಲಿ ಗಿರಾಕಿ ಕೂಗಿದರೆ ನಾವು ಏನೆನ್ನುತ್ತೇವೆ? ‘ಬಂದೆ ಸ್ವಾಮೀ!’ ಕಾಲು ಇನ್ನೂ ಅಡಿಗೆಮನೆಯಲ್ಲಿರುತ್ತದೆ. ಮಾತು ಮಾತ್ರ ಭೂತಕಾಲಕ್ಕೆ ಹೋಗಿ ಕೂತಿರುತ್ತದೆ. ಕನ್ನಡದಲ್ಲಿ ಇದು ತಪ್ಪಲ್ಲ. ‘ನಾಳೆ ಬರುತ್ತೇನೆ’ ಎಂದು ವರ್ತಮಾನದ ರೂಪದಲ್ಲಿಯೇ ಭವಿಷ್ಯವನ್ನೂ ಹೇಳುತ್ತೇವೆ. ಕೇಳುವವನು ಮುಖ ನೋಡಿ ತಿಳಿದುಕೊಳ್ಳುತ್ತಾನೆ. ಇಂಗ್ಲಿಷ್ ಕಾಗದಕ್ಕೆ ಮುಖವಿಲ್ಲ. ಅಲ್ಲಿ ಕ್ರಿಯಾಪದ ಹೇಳಿದ್ದಷ್ಟೇ ಲೆಕ್ಕ.

ನಮ್ಮವರ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು: ‘ಐ ಆಮ್ ವರ್ಕಿಂಗ್ ಸಿನ್ಸ್ ಫೈವ್ ಇಯರ್ಸ್.’ ‘ಐದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ’ ಎಂಬ ಶುದ್ಧ ಕನ್ನಡವೇ ಇಲ್ಲಿ ಇಂಗ್ಲಿಷ್ ಅಂಗಿ ತೊಟ್ಟು ಬಂದಿದೆ. ಆದರೆ ಹಿಂದೆ ಆರಂಭವಾಗಿ ಇಂದಿಗೂ ನಡೆದಿರುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆಯೇ ರೂಪವಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್.’ ಅವಧಿ ಹೇಳುವಾಗ ‘ಫಾರ್’, ಸೇರಿದ ದಿನ ಹೇಳುವಾಗ ‘ಸಿನ್ಸ್’. ಇದು ತಪ್ಪಿದರೆ ಗುಮಾಸ್ತ ನಕ್ಕಾನು, ಅಷ್ಟೆ. ಆದರೆ ‘ಐ ವರ್ಕ್ಡ್ ಫಾರ್ ಫೈವ್ ಇಯರ್ಸ್’ ಎಂದು ಬರೆದಿರೋ, ದುಡಿದೆ, ಮುಗಿಯಿತು ಎಂದಾಯಿತು! ಕೆಲಸದಲ್ಲಿರುವವನು ತನ್ನ ಕೈಯಾರೆ ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡಂತೆ.

ಕಾಲವೆಂಬುದು ಎಷ್ಟು ದೊಡ್ಡ ಮಾತು ಎಂಬುದಕ್ಕೆ ಮುಂಬಯಿಯದೇ ಒಂದು ಮೊಕದ್ದಮೆ ಇದೆ. ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಒಂದು ಕಲಮು ಸೇರಿತು. ಒಂದು ವರ್ಷ ಸತತ ಸೇವೆಯಾದವನನ್ನು ರಿಟ್ರೆಂಚ್ ಮಾಡುವುದಾದರೆ ಅವನಿಗೆ ಪರಿಹಾರ ‘ಹ್ಯಾಸ್ ಬೀನ್ ಪೇಡ್’ ಆಗಿರಬೇಕು ಎಂದು ಅದರಲ್ಲಿತ್ತು. ‘ವಿಲ್ ಬಿ ಪೇಡ್’ ಅಲ್ಲ, ಗಮನಿಸಿ. ಕೊಡುತ್ತೇವೆ ಎಂಬುದು ಸಾಲದು, ಕೊಟ್ಟಾಗಿರಬೇಕು. ಜೆ. ಜೆ. ಆಸ್ಪತ್ರೆ ಸಮೂಹದ ಇಬ್ಬರು ವಾರ್ಡ್ ನೌಕರರನ್ನು ಪರಿಹಾರ ಕೊಡದೆಯೇ ತೆಗೆದರು. ಹಾಸ್ಪಿಟಲ್ ಮಜ್ದೂರ್ ಸಭಾ ಹೋರಾಡಿತು. 1960ರಲ್ಲಿ ಸುಪ್ರೀಂ ಕೋರ್ಟು, ಹಣ ಸಂದಾಯವಾಗಿರುವುದು ಮೊದಲ ಷರತ್ತು, ಅದಿಲ್ಲದೆ ತೆಗೆದದ್ದು ಅಸಿಂಧು ಎಂದಿತು. 2020ರ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿಯೂ ಅವೇ ಮೂರು ಶಬ್ದಗಳಿವೆ. ಇಬ್ಬರು ಬಡವರ ಅನ್ನ ಒಂದು ಕ್ರಿಯಾಪದದ ಮೇಲೆ ನಿಂತಿತ್ತು!

ಇದೇ ಕತ್ತಿ ನಮ್ಮ ಕಡೆಗೂ ತಿರುಗುತ್ತದೆ. ಲೆಕ್ಕ ಚುಕ್ತಾ ಮಾಡುವ ಕಾಗದದಲ್ಲಿ ‘ಐ ಹ್ಯಾವ್ ರಿಸೀವ್ಡ್’ ಎಂದಿರುತ್ತದೆ. ಪಡೆದಿದ್ದೇನೆ, ಹಣ ಕೈ ಸೇರಿದೆ ಎಂದರ್ಥ. ‘ಇವತ್ತು ಸಹಿ ಹಾಕು, ಸೋಮವಾರ ಪಗಾರ ಕೊಡುತ್ತೇನೆ’ ಎಂದು ಬಾಯಿ ಭವಿಷ್ಯತ್ಕಾಲದಲ್ಲಿ ಹೇಳಿದರೂ ಕಾಗದ ಬೇರೆ ಕಾಲದಲ್ಲಿದೆ. ಸೋಮವಾರ ತಕರಾರು ಬಂದರೆ ಮುಂದೆ ಇಡುವುದು ಬಾಯಿಯನ್ನಲ್ಲ, ಕಾಗದವನ್ನು. ಹಣ ಎಣಿಸಿಕೊಂಡ ಮೇಲೆಯೇ ಸಹಿ, ಅದರ ಪಕ್ಕದಲ್ಲಿ ಪಡೆದ ಮೊತ್ತ ಮತ್ತು ತಾರೀಖು.

ಮುಂದಿನ ತರಗತಿಗೆ ನಿಮ್ಮ ನಿಮ್ಮ ನೇಮಕಾತಿ ಪತ್ರ, ರಸೀದಿ, ನೋಟೀಸು ಏನಿದ್ದರೂ ತನ್ನಿ. ಒಂದೊಂದರ ಕ್ರಿಯಾಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಓದೋಣ.