ನಿತ್ಯಜೀವನದಲ್ಲಿ ಆಕಾಶತತ್ತ್ವ



ಪಂಚಮಹಾಭೂತಗಳಲ್ಲಿ ಆಕಾಶವೆಂದರೆ ತಲೆಯ ಮೇಲಿನ ಬಾನು ಮಾತ್ರವಲ್ಲ. ಬಾಯಿ, ಮೂಗು, ಕಿವಿ, ಹೊಟ್ಟೆ ಹೀಗೆ ದೇಹದಲ್ಲಿ ತೆರಪು ಇರುವೆಡೆಯೆಲ್ಲ ಆಕಾಶವಿದೆ ಎನ್ನುತ್ತದೆ ಆಯುರ್ವೇದ. ಶಬ್ದ ಅದರ ಗುಣ. ಕಿವಿ ಅದರ ಇಂದ್ರಿಯ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದು ಹೊಸದಲ್ಲ. 8ರಿಂದ 12 ತಿಂಗಳು ಅಟ್ಟದಲ್ಲಿಟ್ಟ ಕಾಯಿಯ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅಲ್ಲಾಡಿಸಿದರೆ ಸದ್ದು ಬರುತ್ತದೆ. ಒಳಗೆ ತೆರಪಾದುದೇ ಅದಕ್ಕೆ ಕಾರಣ. ತೋಟದಲ್ಲೂ ಸಸಿಯಿಂದ ಸಸಿಗೆ 25ರಿಂದ 30 ಅಡಿ ಬಿಡುತ್ತೇವೆ. ಹೊಟ್ಟೆಗೆ ಮಾತ್ರ ತೆರಪು ಬಿಡುವುದಿಲ್ಲ! ಕಾಯಿ ಸುಲಿದು ಕೊಬ್ಬರಿ ಒಡೆಯುವ ದಿನಗಳಲ್ಲಂತೂ ಹೊತ್ತು ಮೀರಿ, ಗಬಗಬನೆ ಹೊಟ್ಟೆ ಬಿರಿಯ ಉಣ್ಣುವುದುಂಟು.

ವಾಗ್ಭಟನ ‘ಅಷ್ಟಾಂಗಹೃದಯ’ದ ಲೆಕ್ಕ ಸರಳವಾಗಿದೆ. ಹೊಟ್ಟೆಯ 4 ಪಾಲಿನಲ್ಲಿ 2 ಪಾಲು ಊಟಕ್ಕೆ, 1 ಪಾಲು ನೀರು-ಮಜ್ಜಿಗೆಗೆ, ಉಳಿದ 1 ಪಾಲು ವಾಯುಸಂಚಾರಕ್ಕೆ. ಇನ್ನೊಂದು ಮುದ್ದೆ ಸೇರೀತು ಎನ್ನುವಾಗಲೇ ಕೈ ತೊಳೆಯಿರಿ.

ತೆರಪು ಅತಿಯಾದರೂ ಕೇಡೇ. ಆಕಾಶ, ವಾಯು ಸೇರಿಯೇ ವಾತದೋಷ. ಹೊತ್ತುಹೊತ್ತಿಗೆ ಉಣ್ಣದಿರುವುದು, ನಿದ್ದೆಗೇಡು, ಅತಿಮಾತು ವಾತವನ್ನು ಕೆರಳಿಸುತ್ತವೆ. ತಲೆಗೆ, ಪಾದಕ್ಕೆ ಎಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ ಮಾಡುವುದು ಹಿತ. ಕಿವಿಯೊಳಗೆ ಎಣ್ಣೆ ಬಿಡುವುದಾದರೆ ವೈದ್ಯರು ನೋಡಿದ ಮೇಲೆಯೇ. ಸೋರುವ ಕಿವಿಗಂತೂ ಕೂಡದು. ಸಕ್ಕರೆ ಕಾಯಿಲೆಯ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಬಾರದು. ಬಿಡದ ಹೊಟ್ಟೆನೋವನ್ನು ವಾತವೆಂದು ಸುಮ್ಮನಿರದೆ ತಪಾಸಣೆ ಮಾಡಿಸಿ.

ಮಲಗುವ ಮುನ್ನ ಅರ್ಧ ಗಂಟೆ ಮೊಬೈಲು, ಟಿ.ವಿ. ಎರಡನ್ನೂ ಆರಿಸಿಬಿಡಿ. ಕಿವಿಗೂ ಮನಸ್ಸಿಗೂ ಒಂದಿಷ್ಟು ತೆರಪು ಸಿಗಲಿ.